ಮೊಳೆತ ಅಡಿಕೆಯೊಳಗೆ ಬಿಳಿ ಉಂಡೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೀಜದಡಿಕೆಯನ್ನು ಮರಳು ಮಡಿಗೆ ಹಾಕಿ ಎರಡು ತಿಂಗಳಾಯಿತು. ಮೊಳೆತ ಒಂದನ್ನು ಸೀಳಿದರೆ ಒಳಗೆ ಬೆಳ್ಳಗೆ, ಮೆತ್ತಗೆ ಒಂದು ಉಂಡೆಯಿದೆ. ಕೊಳೆ ಬಂದಿದೆಯೇ? ಉಳಿದವನ್ನೂ ಎಸೆಯಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಎಸೆಯಬೇಡಿ. ಸಸಿ ಸದ್ಯಕ್ಕೆ ಉಣ್ಣುತ್ತಿರುವುದೇ ಆ ಉಂಡೆಯಿಂದ. ಮೊಳೆತ ತೆಂಗಿನಕಾಯಿ ಒಡೆದಾಗ ಮಕ್ಕಳು ಜಗಳವಾಡಿ ತಿನ್ನುವ ಸಿಹಿ ಉಂಡೆ ಇರುತ್ತದಲ್ಲ, ಅದರದೇ ಜಾತಿ. ಹೆಸರು ಹಾಸ್ಟೋರಿಯಂ.

ಅಡಿಕೆಯ ಭ್ರೂಣ ತೊಟ್ಟಿನ ಬದಿಯಲ್ಲಿ ಪುಟ್ಟ ಗೂಟದಂತೆ ಕೂತಿರುತ್ತದೆ. ಏಕದಳ ಸಸ್ಯವಾದ್ದರಿಂದ ಬೀಜದಳ ಒಂದೇ. ಮೊಳೆಯುವಾಗ ಅದರ ಬುಡ ಬೆಳೆದು ಸುಳಿ, ಬೇರುಗಳನ್ನು ಹೊರಕ್ಕೆ ನೂಕುತ್ತದೆ. ತುದಿ ಒಳಗೇ ಉಳಿದು ಸ್ಪಂಜಿನಂತೆ ಉಬ್ಬುತ್ತದೆ. ನಾವು ಎಲೆಗೆ ಹಾಕಿಕೊಳ್ಳುವ ಅಡಿಕೆಯೇ ಭ್ರೂಣದ ಆಹಾರ. ಅದರ ಬಹುಪಾಲು ದಪ್ಪ ಜೀವಕೋಶ ಗೋಡೆಗಳಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ಕಿಣ್ವಗಳು ಅದನ್ನು ನಿಧಾನಕ್ಕೆ ಕರಗಿಸಬೇಕು. ಕರಗಿದ್ದನ್ನು ಉಂಡೆಯ ಹೊರಪದರ ಹೀರುತ್ತದೆ, ಒಳಗಿನ ನಾಳಗಳು ಸಸಿಗೆ ಮುಟ್ಟಿಸುತ್ತವೆ.

ಕೊಳೆತಿದ್ದರೆ ಹುಳಿ ವಾಸನೆ, ಕಂದು ನೀರು ಇರುತ್ತದೆ. ಬಿಳಿ ಉಂಡೆ ಮೊಳಕೆಗೆ ಅಂಟಿಕೊಂಡಿದ್ದರೆ ಚಿಂತೆಯಿಲ್ಲ.

ಸಸಿಯ ಊಟ ಇನ್ನೂ ಕಾಯಿಯೊಳಗೇ ಇರುವುದರಿಂದ ಎರಡು ಮೂರು ಎಲೆ ಬಂದ ಮೇಲೆ ಕಾಯಿ ಸಮೇತವೇ ಎತ್ತಿ ಚೀಲಕ್ಕೆ ಹಾಕಿ. ಸಸಿ ಹಿಡಿದು ಎಳೆದರೆ ಕಾಯಿ ಕಳಚುತ್ತದೆ, ಬುತ್ತಿ ಹೋದಂತೆಯೇ. ಚೀಲಕ್ಕೆ ಮೇಲ್ಮಣ್ಣು 7, ಕೊಟ್ಟಿಗೆ ಗೊಬ್ಬರ 3, ಮರಳು 2 ಪಾಲು.

ಮುಂದಿನ ಸಲಕ್ಕೆ: ಕೆಂಪಡಿಕೆಗೆಂದು ಹಸಿರಿರುವಾಗಲೇ ಕೊಯ್ದ ಗೊನೆಯಿಂದ ಬೀಜ ಆರಿಸಬೇಡಿ, ಭ್ರೂಣ ಬಲಿತಿರುವುದಿಲ್ಲ. ಬೀಜಕ್ಕೆಂದೇ ಗೊನೆ ಬಿಟ್ಟು ಪೂರ್ತಿ ಹಣ್ಣಾಗಿಸಿ. 35 ಗ್ರಾಂಗಿಂತ ಹೆಚ್ಚು ತೂಗುವ, ನೀರಿಗೆ ಹಾಕಿದರೆ ತೊಟ್ಟು ಮೇಲಾಗಿ ನೆಟ್ಟಗೆ ತೇಲುವ ಹಣ್ಣೇ ಒಳ್ಳೆಯದು. ಮಡಿಯಲ್ಲೂ ತೊಟ್ಟು ಮೇಲೆ, ನಡುವೆ 5 ಸೆಂ.ಮೀ. ಅಂತರ, ಮೇಲೆ ಮುಚ್ಚುವಷ್ಟೇ ಮರಳು.

ಪ್ರಶ್ನೆ: ವರ್ಷ ಕಳೆದರೂ ಸಸಿಗೆ ಕಾಂಡವೇ ಕಾಣುತ್ತಿಲ್ಲ, ಏಕೆ?
– ಓದುಗರು, ಹೊಸನಗರ

ಉತ್ತರ: ಮಾವು, ಹಲಸಿನಂತೆ ಅಡಿಕೆಗೆ ವರ್ಷ ವರ್ಷ ಕಾಂಡ ದಪ್ಪಗಾಗಿಸುವ ಕ್ಯಾಂಬಿಯಂ ಪದರವಿಲ್ಲ. ಸುಳಿಯ ಕೆಳಗಿನ ಅಂಗಾಂಶ ಮೊದಲು ಬುಡವನ್ನು ಅಗಲ ಮಾಡಿಕೊಳ್ಳುತ್ತದೆ, ಎತ್ತರ ಆಮೇಲೆ. ಸಸಿ ಆರಿಸುವಾಗ ಉದ್ದಕ್ಕಿಂತ ಬುಡದ ದಪ್ಪ ನೋಡಿ. ಕನಿಷ್ಠ ಐದು ಎಲೆಯಿರಲಿ. ಇರುವುದೊಂದೇ ಸುಳಿ, ಮಳೆಗಾಲದಲ್ಲಿ ಅದು ಕೊಳೆತರೆ ಪಕ್ಕದಿಂದ ಇನ್ನೊಂದು ಚಿಗುರದು. ನೀರು ನಿಲ್ಲುವ ಕಡೆ ಚೀಲ ಇಡಬೇಡಿ.