ಓದುಗರ ಪ್ರಶ್ನೆ: ಕಥೋಲಿಕ ಬೇಸಿಗೆ ಶಿಬಿರದಲ್ಲಿ ಕೌನ್ಸೆಲರ್ ಆಗುವ ಮುನ್ನ

ಪ್ರಶ್ನೆ: ನನಗೆ 19 ವರ್ಷ. ಹತ್ತನೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಬಂದವಳು ಈಗ ಒಹಾಯೊದಲ್ಲಿ ಕಾಲೇಜು ಓದುತ್ತಿದ್ದೇನೆ. ಇಲ್ಲಿನ ಪೌರತ್ವವೂ ಸಿಕ್ಕಿದೆ. ಬರುವ ಜೂನ್‌ನಿಂದ ಎಂಟು ವಾರ ಒಂದು ಕಥೋಲಿಕ ಬೇಸಿಗೆ ಶಿಬಿರದಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡಲು ಕರೆದಿದ್ದಾರೆ. ಒಂಬತ್ತರಿಂದ ಹನ್ನೊಂದು ವರ್ಷದ ಎಂಟು ಹುಡುಗಿಯರ ಕ್ಯಾಬಿನ್ ನನ್ನ ಪಾಲಿಗೆ ಬರುತ್ತದಂತೆ. ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಯನ್ನು ನಾನು ತಪ್ಪಿಸುವುದಿಲ್ಲ. ಆದರೆ ಧರ್ಮೋಪದೇಶದ ಪಾಠಗಳು ಬಹುಪಾಲು ಮರೆತಿವೆ, ಕೆಲವು ವಿಷಯಗಳಲ್ಲಿ ನನಗೇ ಸಂಶಯಗಳಿವೆ. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಲಿ? ನನ್ನಂಥವಳು ಈ ಕೆಲಸಕ್ಕೆ ಹೋಗುವುದು ಸರಿಯೇ? ಸಂಬಳ ಏಕೆ ಇಷ್ಟು ಕಡಿಮೆ ಎಂಬುದನ್ನೂ ದಯವಿಟ್ಟು ತಿಳಿಸಿ.
— ಓದುಗಿ, ಒಹಾಯೊ

ಉತ್ತರ: ಹೋಗಿ. ಸಂಶಯವಿದೆ ಎಂಬ ಒಂದೇ ಕಾರಣಕ್ಕೆ ಹಿಂಜರಿಯಬೇಡಿ. ನಾಲ್ಕು ಬೇಸಿಗೆ ಇಂಥ ಶಿಬಿರದಲ್ಲಿ ದುಡಿದು, ಆಮೇಲೆ ಹೊಸಬರಿಗೆ ತರಬೇತಿ ಕೊಡುವ ಕೆಲಸವನ್ನೂ ಮಾಡಿದ ನಾನು ಕಂಡಂತೆ, ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧಪಡಿಸಿಕೊಂಡು ಬಂದವರೇ ಹೆಚ್ಚಾಗಿ ಎಡವುತ್ತಾರೆ. ಆ ಸಾಲಿನಲ್ಲಿ ನಾನೂ ಇದ್ದೆ.

ನನ್ನ ಮೊದಲ ಬೇಸಿಗೆಯ ಎರಡನೆಯ ರಾತ್ರಿ, ದೀಪ ಆರಿಸಿ ಅರ್ಧ ಗಂಟೆ ಕಳೆದಿತ್ತು. ಬಾಗಿಲ ಬಳಿಯ ಮಂಚದಲ್ಲಿ ಮಲಗಿದ್ದ ಹತ್ತು ವರ್ಷದ ಹುಡುಗಿ ತನ್ನ ಸ್ಲೀಪಿಂಗ್ ಬ್ಯಾಗಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತಲೇ ಇದ್ದ ಸದ್ದು ಕೇಳಿ ಎದ್ದು ಹೋದೆ. "ನಾನು ದಿನಾ ಜಪಸರ ಹೇಳಿದ್ದೆ, ಆದರೂ ಅಜ್ಜಿ ಯಾಕೆ ಸತ್ತುಹೋದರು?" ಎಂದಳು. "ದೇವರಿಗೆ ಅಜ್ಜಿ ಬೇಕಾಗಿದ್ದರು" ಎಂದುಬಿಟ್ಟೆ. "ನನಗೂ ಬೇಕಾಗಿದ್ದರು" ಎಂದು ಹೇಳಿ ಅವಳು ಗೋಡೆಯ ಕಡೆಗೆ ಹೊರಳಿಕೊಂಡಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ತೊಟ್ಟಿಯ ಬಳಿ ಅವಳ ಪಕ್ಕದಲ್ಲಿ ನಿಂತು, "ನಿನ್ನೆ ನಾನು ಹೇಳಿದ್ದು ಸರಿಯಿರಲಿಲ್ಲ. ಅಜ್ಜಿ ಯಾಕೆ ಹೋದರೋ ನನಗೆ ಗೊತ್ತಿಲ್ಲ. ಅವರು ಹೇಗಿದ್ದರು, ಹೇಳುತ್ತೀಯಾ?" ಎಂದು ಕೇಳಿದೆ. ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಅವಳು ಅಜ್ಜಿಯ ಕೈಚೀಲದಲ್ಲಿ ಸದಾ ಇರುತ್ತಿದ್ದ ಪೆಪ್ಪರ್‌ಮಿಂಟಿನ ಬಗ್ಗೆ ಹೇಳತೊಡಗಿದಳು. ಅಂದಿನ ಬಲಿಪೂಜೆಯಲ್ಲಿ ಮೃತರಿಗಾಗಿ ಪ್ರಾರ್ಥಿಸುವ ಹೊತ್ತಿಗೆ ನನ್ನ ತೋಳನ್ನು ತಟ್ಟಿ, ಅಜ್ಜಿಯ ಹೆಸರನ್ನು ಕಿವಿಯಲ್ಲಿ ಉಸುರಿದಳು.

ಆದ್ದರಿಂದ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಜೊತೆಗೆ ಇನ್ನೊಂದು ಎಚ್ಚರವೂ ಬೇಕು: ನಿಮ್ಮ ಸಂಶಯಗಳ ಭಾರವನ್ನು ಹತ್ತು ವರ್ಷದ ಮಗುವಿನ ಮೇಲೆ ಇಳಿಸಬೇಡಿ. ತಂದೆ ತಾಯಂದಿರು ಮಕ್ಕಳನ್ನು ಕಥೋಲಿಕ ಶಿಬಿರವೆಂದು ನಂಬಿ ಕಳುಹಿಸಿರುತ್ತಾರೆ. "ಚರ್ಚ್ ಹೀಗೆ ಕಲಿಸುತ್ತದೆ, ಏಕೆ ಎಂಬುದನ್ನು ನಾಳೆ ನಾವಿಬ್ಬರೂ ಫಾದರ್ ಅವರನ್ನೇ ಕೇಳೋಣ" ಎಂದರೆ ಸುಳ್ಳೂ ಹೇಳಿದಂತಾಗುವುದಿಲ್ಲ, ಮಗುವಿನ ಕೈಯನ್ನೂ ಬಿಟ್ಟಂತಾಗುವುದಿಲ್ಲ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಒಬ್ಬ ಗುರುಗಳಾಗಲಿ, ಎಂದರೆ ಪಾದ್ರಿಯಾಗಲಿ, ಗುರುವಾಗಲು ಓದುತ್ತಿರುವ ಗುರುಮಠದ ವಿದ್ಯಾರ್ಥಿಯಾಗಲಿ ಇದ್ದೇ ಇರುತ್ತಾರೆ. ನಿಮ್ಮ ಸ್ವಂತ ಸಂಶಯಗಳನ್ನು ಬಿಡುವಿನ ವೇಳೆಯಲ್ಲಿ ಅವರ ಮುಂದಿಡಿ. ಹೋಗುವ ಮುನ್ನ ಬಲಿಪೂಜೆಯ ಕ್ರಮವನ್ನು ಒಮ್ಮೆ ಓದಿಕೊಳ್ಳಿ, ಜಪಸರದ ರಹಸ್ಯಗಳನ್ನು, ಎಂದರೆ ಜಪಿಸುವಾಗ ಧ್ಯಾನಿಸುವ ಯೇಸು ಮತ್ತು ಮರಿಯಮ್ಮನವರ ಬದುಕಿನ ಘಟನೆಗಳನ್ನು, ನೆನಪು ಮಾಡಿಕೊಳ್ಳಿ. 2002ರಲ್ಲಿ ಜಗದ್ಗುರು (ಪೋಪ್) ಎರಡನೆಯ ಜಾನ್ ಪಾಲ್ ಅವರು ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದ ಮೇಲೆ ಅವು ಒಟ್ಟು ಇಪ್ಪತ್ತಾಗಿವೆ. ಮಕ್ಕಳು ಸರದಿಯಂತೆ ಒಂದೊಂದು ರಹಸ್ಯವನ್ನು ನಡೆಸಿಕೊಡುವಾಗ ಮಧ್ಯದಲ್ಲಿ ತಡವರಿಸಿದರೆ ನಿಮ್ಮ ಮುಖವನ್ನೇ ನೋಡುತ್ತಾರೆ.

ಕನ್ನಡದಲ್ಲಿ ಕೌನ್ಸೆಲರ್ ಎಂದರೆ ಆಪ್ತಸಮಾಲೋಚಕರು ಎಂದೇ ನಮ್ಮ ಕಿವಿಗೆ ಬೀಳುತ್ತದೆ. ಶಿಬಿರದಲ್ಲಿ ಆ ಪದಕ್ಕೆ ಅರ್ಥ ಬೇರೆ: ಮಕ್ಕಳ ಜೊತೆಯಲ್ಲೇ ಮಲಗಿ, ಎದ್ದು, ಉಂಡು, ಆಡಿ, ಪ್ರಾರ್ಥಿಸುವ ಹಿರಿಯ ಅಕ್ಕ ಅಥವಾ ಅಣ್ಣ. ಎಂಟು ಹುಡುಗಿಯರು ಎಂದು ಬರೆದಿದ್ದೀರಿ. ರಾತ್ರಿ ತಂಗುವ ಶಿಬಿರಗಳಲ್ಲಿ 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರಾದರೂ ಸಿಬ್ಬಂದಿ ಇರಬೇಕು ಎಂಬುದು ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಮಾನದಂಡ. ಎಂದರೆ ನಿಮ್ಮ ಶಿಬಿರ ಆ ಲೆಕ್ಕಕ್ಕೆ ಹೊಂದಿಕೊಂಡೇ ನಡೆಯುತ್ತಿದೆ. ಆದರೂ ಕ್ಯಾಬಿನ್‌ನಲ್ಲಿ ನಿಮ್ಮೊಡನೆ ಇನ್ನೊಬ್ಬರು ಇರುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹಗಲಿನಲ್ಲಿ ಈಜು, ದೋಣಿ, ಬಿಲ್ಲುಗಾರಿಕೆ, ನಾಟಕ ಎಂದು ಹೊತ್ತು ಓಡುತ್ತದೆ. ಕಷ್ಟದ ಹೊತ್ತುಗಳು ಎರಡು: ಊಟದ ನಂತರದ ವಿಶ್ರಾಂತಿ ಮತ್ತು ರಾತ್ರಿ. ಮೈ ಸುಮ್ಮನಾದ ಕೂಡಲೇ ಮನಸ್ಸು ಮನೆಯ ಕಡೆಗೆ ಓಡುತ್ತದೆ. ಅಳುವ ಮಗುವಿಗೆ "ನಾಳೆಯೂ ಹೀಗೇ ಅನಿಸಿದರೆ ಅಮ್ಮನನ್ನು ಕರೆಸುತ್ತೇನೆ" ಎಂದು ಮಾತು ಕೊಡಬೇಡಿ. ಕೊಟ್ಟರೆ ಅದು ಮರುದಿನವೆಲ್ಲ ಆ ಗಳಿಗೆಗಾಗಿಯೇ ಕಾಯುತ್ತ ಕೂರುತ್ತದೆ. ಮನೆ ನೆನಪಾಗುವುದು ಪ್ರೀತಿಯ ಲಕ್ಷಣ, ಅದರಲ್ಲಿ ನಾಚಿಕೆಯಿಲ್ಲ ಎಂದು ಹೇಳಿ. ಆಮೇಲೆ ಒಂದು ಸಣ್ಣ ಹೊಣೆ ವಹಿಸಿ: ಬೆಳಗಿನ ಪ್ರಾರ್ಥನೆಗೆ ಮೇಣದ ಬತ್ತಿ ತರುವುದು, ಊಟದ ಮೇಜಿನ ಮೇಲೆ ಲೋಟ ಇಡುವುದು. ಬೆಳಿಗ್ಗೆ ತನಗಾಗಿ ಕಾದಿರುವ ಕೆಲಸವೊಂದಿದೆ ಎಂದು ಗೊತ್ತಾದ ಮಗು ಬೇಗ ನಿದ್ದೆ ಹೋಗುತ್ತದೆ. ಎರಡು ಮೂರು ದಿನವಾದರೂ ಊಟ ಬಿಟ್ಟು ಅಳುತ್ತಲೇ ಇದ್ದರೆ ಮಾತ್ರ ನರ್ಸ್ ಮತ್ತು ನಿರ್ದೇಶಕರಿಗೆ ತಿಳಿಸಲೇಬೇಕು.

ಪರಮಪ್ರಸಾದದ, ಎಂದರೆ ಕ್ರಿಸ್ತನ ಶರೀರವೆಂದು ಕಥೋಲಿಕರು ನಂಬುವ ಪವಿತ್ರ ರೊಟ್ಟಿಯ, ಆರಾಧನೆಯ ರಾತ್ರಿಯ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ವಾರದಲ್ಲಿ ಒಂದು ಸಂಜೆ ದೀಪಗಳನ್ನು ಕಿರಿದು ಮಾಡಿ, ಪೀಠದ ಮೇಲೆ ಪರಮಪ್ರಸಾದವನ್ನಿಟ್ಟು, ಮೆಲ್ಲನೆ ಹಾಡುತ್ತ ಕುಳಿತಿರುತ್ತಾರೆ. ಎಷ್ಟೋ ಮಕ್ಕಳಿಗೆ ಅದು ಬದುಕಿಡೀ ನೆನಪಿನಲ್ಲಿ ಉಳಿಯುವ ಗಂಟೆ. ನನಗೂ ಹಾಗೆಯೇ ಉಳಿದಿದೆ. ಒಬ್ಬಳು ಅತ್ತರೆ ಪಕ್ಕದವಳ ಕಣ್ಣೂ ತುಂಬುತ್ತದೆ, ಸಾಲೇ ಅಳತೊಡಗುತ್ತದೆ. ಆಗ ಒಣ ಕಣ್ಣಿನಿಂದ ಸುಮ್ಮನೆ ಕುಳಿತ ಹುಡುಗಿಯೊಬ್ಬಳು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ಅವಳನ್ನು ಗುರುತಿಸುವುದು ನಿಮ್ಮ ಕೆಲಸ. ಕಣ್ಣೀರು ವಿಶ್ವಾಸದ ಅಳತೆಯಲ್ಲ, ಸುಮ್ಮನೆ ಕುಳಿತದ್ದೂ ಪ್ರಾರ್ಥನೆಯೇ ಎಂದು ಅವಳಿಗೆ ಹೇಳಿ. ಅಳುವಂತೆ, ತಮ್ಮ ವಿಶ್ವಾಸದ ಅನುಭವವನ್ನು ಎಲ್ಲರ ಮುಂದೆ ಹೇಳುವಂತೆ ಯಾರನ್ನೂ ಒತ್ತಾಯಿಸಬೇಡಿ. ಮಕ್ಕಳ ಭಾವನೆಯನ್ನು ಕಡೆದು ಬೆಣ್ಣೆ ತೆಗೆಯಲು ಹೊರಟ ಕೌನ್ಸೆಲರ್‌ಗಳನ್ನು ನೋಡಿದ್ದೇನೆ, ಅದು ನನಗೆ ಸರಿಯೆನಿಸಿಲ್ಲ. ಪ್ರಾರ್ಥನೆಯ ನಡುವೆಯೂ ನೀವು ತಲೆ ಎಣಿಸುತ್ತಲೇ ಇರಬೇಕು. ಏಳು ಜನರಷ್ಟೇ ಕಂಡರೆ ಎಂಟನೆಯವಳು ಎಲ್ಲಿ ಎಂದು ತಕ್ಷಣ ನೋಡಬೇಕು. ಇದನ್ನು ಭಕ್ತಿಗೆ ಅಡ್ಡಿ ಎಂದು ತಿಳಿಯಬೇಡಿ, ಆ ಎಣಿಕೆಯೇ ಅಲ್ಲಿ ನಿಮ್ಮ ಭಕ್ತಿ.

ಮಾಡಿದ ತಪ್ಪುಗಳನ್ನು ಗುರುಗಳ ಬಳಿ ಹೇಳಿಕೊಳ್ಳುವ ಪಾಪನಿವೇದನೆ ಬಹಳ ಕಡೆ ಹೊರಗೆ ಬಯಲಿನಲ್ಲಿ ನಡೆಯುತ್ತದೆ: ಮರದಡಿ ಎರಡು ಕುರ್ಚಿ, ಎಲ್ಲರ ಕಣ್ಣಿಗೂ ಕಾಣುವಂತೆ, ಯಾರ ಕಿವಿಗೂ ಕೇಳದಂತೆ. ಸಾಲನ್ನು ದೂರದಲ್ಲಿ ನಿಲ್ಲಿಸಿ, ಹೋಗಲು ಇಷ್ಟವಿಲ್ಲದ ಮಗುವನ್ನು ತಳ್ಳಬೇಡಿ, ಬಂದವರನ್ನು ಏನು ಹೇಳಿದೆ ಎಂದು ಕೇಳಬೇಡಿ. ಕೇಳಿದ್ದನ್ನು ಹೊರಗೆಡಹಬಾರದೆಂಬ ಮುದ್ರೆ ಧರ್ಮಸಭೆಯ ಕಾನೂನಿನಂತೆ ಗುರುಗಳ ಮೇಲಿದೆ. ನಿಮ್ಮ ಸ್ಥಾನ ಅದಕ್ಕೆ ತೀರ ಬೇರೆ. "ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಬಾರದು" ಎಂದು ಮಗು ಶುರು ಮಾಡಿದರೆ ಅಲ್ಲೇ ತಡೆದು, "ನಿನಗೆ ತೊಂದರೆಯಾಗುವಂಥದ್ದಾದರೆ ಸಹಾಯ ಮಾಡಬಲ್ಲವರಿಗೆ ನಾನು ಹೇಳಲೇಬೇಕಾಗುತ್ತದೆ, ಆದರೂ ನನಗೆ ಹೇಳು" ಎನ್ನಿ. ಗುಟ್ಟು ಕಾಯುತ್ತೇನೆಂದು ಒಪ್ಪಿ ಆಮೇಲೆ ಮುರಿದರೆ ಮಗುವಿನ ನಂಬಿಕೆ ಹೋಗುತ್ತದೆ, ಮುರಿಯದಿದ್ದರೆ ಮಗುವಿಗೇ ಅಪಾಯವಾದೀತು. ಯಾರಾದರೂ ಹಿಂಸೆ ಕೊಟ್ಟ ಸಂಗತಿ ಹೊರಬಿದ್ದರೆ ನೀವೇ ವಿಚಾರಣೆಗೆ ಇಳಿಯಬೇಡಿ. ಮಗು ಆಡಿದ ಮಾತನ್ನು ಆಡಿದಂತೆಯೇ ಬರೆದಿಟ್ಟುಕೊಂಡು ಆ ದಿನವೇ ತಿಳಿಸಿ. ಒಹಾಯೊ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಶಿಬಿರದ ಸಿಬ್ಬಂದಿ ಇಂಥದ್ದನ್ನು ಸರ್ಕಾರದ ಮಕ್ಕಳ ರಕ್ಷಣಾ ವಿಭಾಗಕ್ಕೆ ಅಥವಾ ಪೊಲೀಸರಿಗೆ ವರದಿ ಮಾಡುವುದು ಕಾನೂನಿನ ಕರ್ತವ್ಯ. ನಿರ್ದೇಶಕರ ಕಿವಿಗೆ ಹಾಕಿದ ಮಾತ್ರಕ್ಕೆ ಆ ಕರ್ತವ್ಯ ಬಹಳ ಕಡೆ ತೀರುವುದಿಲ್ಲ.

ಕೆಲಸಕ್ಕೆ ಸೇರುವ ಮೊದಲೇ ನಿಮ್ಮ ಹಿನ್ನೆಲೆಯ ಪರಿಶೀಲನೆ ನಡೆಯುತ್ತದೆ, ಮಕ್ಕಳ ಸುರಕ್ಷತೆಯ ತರಬೇತಿಯೂ ಇರುತ್ತದೆ. ಹಲವು ಧರ್ಮಪ್ರಾಂತ್ಯಗಳು (ಒಬ್ಬೊಬ್ಬ ಬಿಷಪ್‌ರ ಆಡಳಿತದ ಪ್ರದೇಶಗಳು) ಇದಕ್ಕೆ ವರ್ಟಸ್ ಎಂಬ ಕಾರ್ಯಕ್ರಮವನ್ನು ಬಳಸುತ್ತವೆ. ಇದನ್ನು ಅವಮಾನವೆಂದು ಭಾವಿಸಿದ ಹೊಸಬರು ನನಗೆ ಸಿಕ್ಕಿದ್ದಾರೆ. ಅದರ ಹಿಂದಿನ ನೋವನ್ನು ನೀವು ತಿಳಿದಿರಬೇಕು. ಮಕ್ಕಳ ಮೇಲೆ ಗುರುಗಳು ನಡೆಸಿದ ಲೈಂಗಿಕ ದೌರ್ಜನ್ಯವೂ ಅದನ್ನು ಹಿರಿಯರು ಮುಚ್ಚಿಟ್ಟ ಸಂಗತಿಯೂ 2002ರಲ್ಲಿ ಬೋಸ್ಟನ್‌ನಿಂದ ಆರಂಭಿಸಿ ದೇಶದಾದ್ಯಂತ ಬಯಲಾದಾಗ, ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಅದೇ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿ ಮಕ್ಕಳ ರಕ್ಷಣೆಯ ಸನ್ನದನ್ನು ಅಂಗೀಕರಿಸಿದರು. ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಸ್ನಾನದ ಮನೆಗೆ ಹೀಗೆ ಹೋಗಬೇಕು, ಫೋನಿನಲ್ಲಿ ಖಾಸಗಿ ಸಂದೇಶ ಕಳುಹಿಸಬಾರದು ಎಂಬ ಇಂದಿನ ನಿಯಮಗಳ ಹಿಂದೆ ಆ ಮಕ್ಕಳ ಕಣ್ಣೀರಿದೆ. ಅವುಗಳನ್ನು ಮನಸಾರೆ ಪಾಲಿಸಿ. ನಡುರಾತ್ರಿ ಅಳುವ ಮಗುವನ್ನು ಸಮಾಧಾನಪಡಿಸುವಾಗಲೂ ಬಾಗಿಲು ತೆರೆದಿಟ್ಟು, ಇನ್ನೊಬ್ಬ ಕೌನ್ಸೆಲರ್‌ಗೆ ಕಾಣುವಂತೆ ಮೆಟ್ಟಿಲ ಮೇಲೆ ಕುಳಿತುಕೊಳ್ಳಿ.

ಇನ್ನು ಸಂಬಳ. ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಋತುಮಾನದ ಮನರಂಜನಾ ಸಂಸ್ಥೆಗಳಿಗೂ ಅಂಥ ಶಿಬಿರಗಳಿಗೂ ಕೇಂದ್ರದ ಕನಿಷ್ಠ ವೇತನ ಕಾನೂನಿನಿಂದ ವಿನಾಯಿತಿ ದೊರೆಯುತ್ತದೆ. ಹೀಗಾಗಿ ಗಂಟೆಯ ಲೆಕ್ಕವಿಲ್ಲದೆ ವಾರಕ್ಕೊಂದು ಮೊತ್ತ, ಜೊತೆಗೆ ಊಟ ಮತ್ತು ವಸತಿ. ಮುಂದಿನ ಸೆಮಿಸ್ಟರ್‌ನ ಶುಲ್ಕವನ್ನು ಇದರಿಂದಲೇ ಕಟ್ಟಬೇಕೆಂದಿದ್ದರೆ ಈಗಲೇ ಕೂತು ಲೆಕ್ಕ ಹಾಕಿ, ಸಾಲದಿದ್ದರೆ ನಿರ್ದೇಶಕರಿಗೆ ಸಂಕೋಚವಿಲ್ಲದೆ ಹೇಳಿ. ವಾರಕ್ಕೆ ಎಷ್ಟು ಗಂಟೆ ಬಿಡುವು ಎಂಬುದನ್ನು ಬರಹದಲ್ಲೇ ಪಡೆಯಿರಿ. ಬಿಡುವು ಕೊಟ್ಟಾಗ ಹಿಡಿದ ಕೆಲಸವನ್ನು ಬಿಟ್ಟು ನಿದ್ದೆ ಮಾಡಿ. ನಿದ್ದೆಗೆಟ್ಟ ಕೌನ್ಸೆಲರ್‌ನ ಸಿಡುಕು ಮೂರನೆಯ ವಾರದಲ್ಲಿ ಮಕ್ಕಳ ಮೇಲೆ ಹರಿಯುತ್ತದೆ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಎಫ್-1 ವೀಸಾದ ಮೇಲೆ ಎಂ.ಎಸ್. ಓದುತ್ತಿರುವ ಹಿಂದೂ ವಿದ್ಯಾರ್ಥಿ. ಸ್ನೇಹಿತನೊಬ್ಬ ತನ್ನ ಕಥೋಲಿಕ ಶಿಬಿರಕ್ಕೆ ಕರೆಯುತ್ತಿದ್ದಾನೆ. ಹೋಗಬಹುದೇ? ಊರಿನಲ್ಲಿರುವ ನನ್ನ ತಂಗಿಯೂ ಇಂಥ ಕೆಲಸಕ್ಕೆ ಬರಬಹುದೇ?
— ಓದುಗ, ಆಸ್ಟಿನ್

ಉತ್ತರ: ಸಂಬಳದ ಕೆಲಸಕ್ಕೆ ಹಾಗೆಯೇ ಹೋಗಬೇಡಿ. ಎಫ್-1 ವೀಸಾದವರಿಗೆ ಕ್ಯಾಂಪಸ್ಸಿನ ಹೊರಗೆ ದುಡಿಯಲು ಪ್ರತ್ಯೇಕ ಅನುಮತಿ ಬೇಕು, ಮತ್ತು ಅದು ಸಾಮಾನ್ಯವಾಗಿ ಓದಿನ ವಿಷಯಕ್ಕೆ ಹೊಂದುವ ಕೆಲಸವಾಗಿರಬೇಕು. ಸಂಬಳವಿಲ್ಲದೆ ಹೋಗುವೆನೆಂದರೂ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಿ. ನಿಮ್ಮ ತಂಗಿಗೆ ಬೇರೆ ದಾರಿಯಿದೆ: ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ಜೆ-1 ವೀಸಾದಲ್ಲಿ ಶಿಬಿರದ ಕೌನ್ಸೆಲರ್‌ಗಳಿಗೆಂದೇ ಒಂದು ವಿಭಾಗವಿದ್ದು, ಕನಿಷ್ಠ 18 ವರ್ಷವಾಗಿರಬೇಕು, ಅವಧಿ ನಾಲ್ಕು ತಿಂಗಳನ್ನು ಮೀರುವಂತಿಲ್ಲ. ಆ ವೀಸಾದ ಮೇಲೆ ಬಂದವರನ್ನು ಅಡುಗೆಯವರ ಅಥವಾ ಕಚೇರಿಯ ಕೆಲಸಕ್ಕೆ ನೇಮಿಸುವಂತಿಲ್ಲ.

ಧರ್ಮದ ವಿಷಯದಲ್ಲಿ ಶಿಬಿರದಿಂದ ಶಿಬಿರಕ್ಕೆ ವ್ಯತ್ಯಾಸವಿದೆ. ಧಾರ್ಮಿಕ ಸಂಸ್ಥೆಗಳು ತಮ್ಮ ಮತದವರನ್ನೇ ಆರಿಸಿಕೊಳ್ಳಲು ಅಮೆರಿಕದ ಕಾನೂನು ಅವಕಾಶ ಕೊಡುತ್ತದೆ. ಕೆಲವು ಕಡೆ ಧರ್ಮಕೇಂದ್ರದ ಗುರುಗಳ ಶಿಫಾರಸು ಪತ್ರವನ್ನೂ ಕೇಳುತ್ತಾರೆ. ನಿಮ್ಮ ಧರ್ಮವನ್ನು ಅರ್ಜಿಯಲ್ಲೇ ನೇರವಾಗಿ ತಿಳಿಸಿ. ಸೇರಿಸಿಕೊಂಡರೆ ಬಲಿಪೂಜೆಗೆ ಮಕ್ಕಳೊಡನೆ ಕುಳಿತಿರಿ, ಪರಮಪ್ರಸಾದವನ್ನು ಸ್ವೀಕರಿಸಬೇಡಿ. ಎದೆಯ ಮೇಲೆ ಕೈ ಮಡಚಿ ಹೋದವರಿಗೆ ಅಮೆರಿಕದ ಎಷ್ಟೋ ಚರ್ಚುಗಳಲ್ಲಿ ಗುರುಗಳು ಆಶೀರ್ವಾದ ಕೊಡುವುದು ರೂಢಿ. ಮಕ್ಕಳು ಕಾರಣ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ.

ಪ್ರಶ್ನೆ: ನನ್ನ ಮಗ ಶಿಬಿರದಲ್ಲಿ ಹತ್ತು ವಾರ ಕೌನ್ಸೆಲರ್ ಆಗಿದ್ದು ಆಗಸ್ಟ್‌ನಲ್ಲಿ ಮನೆಗೆ ಬಂದ. ಒಂದು ವಾರ ಬರೀ ಮಲಗಿದ, ಯಾರೊಡನೆಯೂ ಮಾತಿಲ್ಲ. ಆದರೂ ಮುಂದಿನ ವರ್ಷ ಮತ್ತೆ ಹೋಗುತ್ತೇನೆ ಎನ್ನುತ್ತಾನೆ. ಇದು ಸಹಜವೇ?
— ಓರ್ವ ತಾಯಿ, ಇಂಡಿಯಾನಾ

ಉತ್ತರ: ಬಹುಮಟ್ಟಿಗೆ ಸಹಜವೇ, ತಾಯೀ. ಹತ್ತು ವಾರ ದಿನಕ್ಕೆ ಹದಿನಾರು ಗಂಟೆ ಬೇರೆಯವರ ಮಕ್ಕಳ ಹೆಸರು ಕೂಗುತ್ತಿದ್ದವನಿಗೆ ಮನೆಯ ಮೌನ ಮೊದಲಿಗೆ ಹೊಂದುವುದಿಲ್ಲ. ಅಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲರೂ ಕೂಡಿ ಪ್ರಾರ್ಥಿಸುತ್ತಿದ್ದರು, ಇಲ್ಲಿ ಒಬ್ಬನೇ. ಏನಾಯಿತೆಂದು ಒಟ್ಟಾಗಿ ಕೇಳಬೇಡಿ, ಒಬ್ಬೊಬ್ಬ ಹುಡುಗನ ಬಗ್ಗೆ ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೂರು ನಾಲ್ಕು ವಾರ ಕಳೆದರೂ ಊಟ, ನಿದ್ದೆ, ಓದು ಹಳಿಗೆ ಬರದಿದ್ದರೆ, ಅಥವಾ ಅಲ್ಲಿ ನೋಡಿದ ಯಾವುದೋ ಘಟನೆಯನ್ನು ಅವನು ಮುಚ್ಚಿಡುತ್ತಿದ್ದಾನೆ ಅನಿಸಿದರೆ ವೈದ್ಯರನ್ನು ಕಾಣಿಸಿ. ಸಾಯುವ ಮಾತೇನಾದರೂ ಬಂದರೆ ಕಾಯಬೇಡಿ. ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿಯ 988 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು.

ಒಂದು ಮಾತನ್ನು ಅವನಿಗೆ ನೀವೇ ತಿಳಿಸಿ. ಶಿಬಿರದ ಮಕ್ಕಳು ಅವನನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಿಕೊಂಡು ಬರುತ್ತಾರೆ, ಅವನಿಗೂ ಉತ್ತರಿಸುವ ಆಸೆಯಾಗುತ್ತದೆ. ಉತ್ತರಿಸಬಾರದು. ಹುಡುಗರು ಬರೆದ ಕಾಗದಗಳಿಗೆ ಶಿಬಿರದ ಕಚೇರಿಯ ಮೂಲಕ, ತಂದೆ ತಾಯಿಗೆ ತಿಳಿದಿರುವಂತೆ, ಅವನು ಕೈಬರಹದಲ್ಲೇ ಒಂದೊಂದು ಸಾಲು ಬರೆಯಲಿ.