ಕೇಳಿ–ಹೇಳಿ: ಇಡೀ ರಾತ್ರಿಯ ಆಟಕ್ಕೆ ಸಣ್ಣ ಹ್ಯಾಂಡಿಕ್ಯಾಮ್ ಸಾಕಾ?

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಬರುವ ಜನವರಿಯಲ್ಲಿ ನಮ್ಮ ಮನೆಯ ಹರಕೆಯ ಯಕ್ಷಗಾನ ಆಟ ಇದೆ, ರಾತ್ರಿಯಿಡೀ. ಅದನ್ನು ಪೂರ್ತಿ ಹಿಡಿದಿಡಬೇಕು. ಆಮೇಲೆ ಊರಿನ ಬೇರೆ ಆಟ, ಮಳೆಗಾಲದ ತಾಳಮದ್ದಲೆ ಕೂಟ ಇವನ್ನೂ ದಾಖಲಿಸುವ ಆಸೆ. ಮಂಗಳೂರಿನ ಅಂಗಡಿಯೊಂದರಲ್ಲಿ ಸೋನಿ ಎಚ್‌ಡಿಆರ್‌-ಸಿಎಕ್ಸ್‌405 ಹ್ಯಾಂಡಿಕ್ಯಾಮ್ ತೋರಿಸಿದರು. ಮಗ ‘ಫೋನೇ ಸಾಕು, ಸುಮ್ನೆ ದುಡ್ಡು ದಂಡ’ ಎನ್ನುತ್ತಾನೆ. ಅಮೆರಿಕದಲ್ಲಿರುವ ಸೋದರಳಿಯ ತನ್ನ ಹಳೆಯ ಹ್ಯಾಂಡಿಕ್ಯಾಮ್ ಕೊಡುತ್ತೇನೆ ಎಂದಿದ್ದಾನೆ. ನನ್ನ ಕೈಯಲ್ಲಿ ನಲವತ್ತು ಸಾವಿರ ಇದೆ. ಏನು ಮಾಡಲಿ?
– ಒಬ್ಬ ಓದುಗರು, ನೀರ್ಚಾಲು

ಉತ್ತರ: ಮಾಷ್ಟ್ರೇ, ಮಗ ಹೇಳಿದ್ದು ಅರ್ಧ ಸರಿ. ಹಗಲು ಹೊತ್ತಿನಲ್ಲಿ, ಐದು ಹತ್ತು ನಿಮಿಷದ ಕೆಲಸಕ್ಕೆ, ಒಳ್ಳೆಯ ಫೋನಿನ ಚಿತ್ರ ಈ ಹ್ಯಾಂಡಿಕ್ಯಾಮಿಗಿಂತ ಚೆನ್ನಾಗಿಯೇ ಬರುತ್ತದೆ. ಕಾರಣ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್ಪು. ಸಿಎಕ್ಸ್‌405ರ ಸೆನ್ಸರ್ 1/5.8 ಇಂಚಿನದು. ಉದ್ದಿನ ಕಾಳಿಗಿಂತ ಚಿಕ್ಕದು. ಈಗಿನ ಫೋನುಗಳಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದು ಇರುತ್ತದೆ. ಹ್ಯಾಂಡಿಕ್ಯಾಮ್ 2015ರ ಮಾದರಿ ಬೇರೆ. 4ಕೆ ಇಲ್ಲ, ವೈಫೈ ಇಲ್ಲ, ಪರದೆ ಮುಟ್ಟಿದರೆ ಏನೂ ಆಗುವುದಿಲ್ಲ. ಒಂದು ಸಣ್ಣ ಗುಬುಟನ್ನು ಅತ್ತ ಇತ್ತ ದೂಡಿ ಮೆನು ಹುಡುಕಬೇಕು. 2.7 ಇಂಚಿನ ಪರದೆಯನ್ನು ಕತ್ತಲಲ್ಲಿ ಕನ್ನಡಕ ಹಾಕಿ ನೋಡುವುದು ನಮ್ಮ ಪ್ರಾಯಕ್ಕೆ ಕಷ್ಟವೇ.

ಇಷ್ಟೆಲ್ಲ ಹೇಳಿಯೂ, ನಿಮ್ಮ ಕೆಲಸಕ್ಕೆ ಫೋನ್ ಬೇಡ ಎನ್ನುತ್ತೇನೆ.

ಯಾಕೆಂದರೆ ನಿಮಗೆ ಬೇಕಾದದ್ದು ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಓಡುವ ಯಂತ್ರ. ಫೋನ್ ಬಿಸಿಯಾಗುತ್ತದೆ. ಜಾಗ ತುಂಬುತ್ತದೆ. ನಡುರಾತ್ರಿ ಗಲ್ಫಿನಿಂದ ಯಾರದೋ ಕರೆ ಬರುತ್ತದೆ, ಅಲ್ಲಿಗೆ ರೆಕಾರ್ಡಿಂಗ್ ನಿಂತಿತು. ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾಗಳ ಕಥೆಯೂ ಬೇರೆಯಲ್ಲ. ಕೆಲವು ವರ್ಷ ಹಿಂದಿನ ಬಹಳ ಮಾದರಿಗಳು ವಿಡಿಯೊ ಶುರು ಮಾಡಿ 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಅರ್ಧ ಗಂಟೆ ದಾಟಿ ಓಡುವುದನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಜಾಸ್ತಿ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ಕಂಪನಿಗಳು ಹಾಕಿದ ಕಡಿವಾಣ ಅದು. ದೇವಿ ಪ್ರತ್ಯಕ್ಷ ಆಗುವ ಹೊತ್ತಿಗೆ ಕ್ಯಾಮೆರಾ ಕಣ್ಣು ಮುಚ್ಚಿದರೆ ಹೇಗಿರುತ್ತದೆ ಹೇಳಿ. ಹ್ಯಾಂಡಿಕ್ಯಾಮಿಗೆ ಆ ಕಟ್ಟು ಇಲ್ಲ. ಕರೆಂಟೂ ಕಾರ್ಡೂ ಇರುವಷ್ಟು ಹೊತ್ತು ಅದು ಓಡುತ್ತದೆ. ಬಿಸಿಯಾಗಿ ಕೈ ಎತ್ತುವುದು ತೀರಾ ಕಡಿಮೆ.

ಎರಡನೆಯ ಲಾಭ ಝೂಮ್. 30 ಪಟ್ಟು, ಅದೂ ಲೆನ್ಸಿನ ನಿಜವಾದ ಝೂಮ್. ಸಭೆಯ ಹಿಂದೆ ಸ್ಟ್ಯಾಂಡ್ ಇಟ್ಟರೂ ವೇಷಧಾರಿಯ ಕಣ್ಣಿನ ಕಾಡಿಗೆ ಕಾಣುತ್ತದೆ. ಆದರೆ ಅಂಗಡಿಯವರು ಒಂದು ಮಾತು ಹೇಳಿರುವುದಿಲ್ಲ. ಝೂಮ್ ಮಾಡಿದ ಹಾಗೆ ಲೆನ್ಸಿನ ಬಾಯಿ ಎಫ್‌1.8ರಿಂದ ಎಫ್‌4ಕ್ಕೆ ಕಿರಿದಾಗುತ್ತದೆ. ಅಂದರೆ ಪೂರ್ತಿ ಝೂಮ್ ಮಾಡಿದಾಗ ಒಳಗೆ ಹೋಗುವ ಬೆಳಕು ಐದರಲ್ಲಿ ಒಂದು ಪಾಲು. ಸೆನ್ಸರ್ ಮೊದಲೇ ಚಿಕ್ಕದು. ಚಿತ್ರದ ಮೇಲೆ ಹೊಯಿಗೆ ಎರಚಿದಂತೆ ಕಾಣುವುದು ಆಗಲೇ. ಹಾಗಾಗಿ ಕ್ಯಾಮೆರಾವನ್ನು ಮುಂದಿನ ಕುರ್ಚಿಗಳ ಸಾಲಿನ ಹಿಂದೆಯೇ ಇಡಿ. ರಂಗಸ್ಥಳದ ನಾಲ್ಕೂ ಕಂಬ, ಹಿಂದೆ ಹಿಮ್ಮೇಳ (ಹಾಡುವ ಭಾಗವತರು, ಚೆಂಡೆ, ಮದ್ದಳೆಯವರು), ಎಲ್ಲ ಸೇರುವ ಹಾಗೆ ಚೌಕಟ್ಟು ಹಾಕಿ ಬಿಟ್ಟುಬಿಡಿ. ಉದ್ದದ ಅರ್ಥ (ವೇಷಧಾರಿಯ ಮಾತು) ಹೇಳುವಾಗ ಮಾತ್ರ ಮೆಲ್ಲಗೆ ಹತ್ತಿರ ಹೋಗಿ. ಕುಣಿತಕ್ಕೆ ಝೂಮ್ ಬೇಡವೇ ಬೇಡ. ಕಾಲು ಕಾಣದ ದಿಗಿಣ (ಹಾರಿ ಸುತ್ತುವ ಕುಣಿತ) ಯಾರಿಗೆ ಬೇಕು?

ಬೆಳಕಿನ ವಿಷಯ ಇನ್ನೊಂದು ಉಂಟು. ಹಿಂದೆ ಕಪ್ಪು ಅಥವಾ ಕಡುನೀಲಿ ಪರದೆ, ಮುಂದೆ ಎಲ್‌ಇಡಿ ಫ್ಲಡ್‌ಲೈಟು. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಪರದೆಯ ಕಪ್ಪನ್ನು ನೋಡಿ ‘ಕತ್ತಲೆ ಜಾಸ್ತಿ’ ಎಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಇಟ್ಟ ಚಿಟ್ಟಿ ಇರುತ್ತದಲ್ಲ, ಗಂಟೆಗಟ್ಟಲೆ ಚೌಕಿಯಲ್ಲಿ ಕೂತು ಮಾಡಿದ ಕೆಲಸ. ಅದು ಒಂದೇ ಬಿಳಿ ಮುದ್ದೆಯಾಗಿ ಬರುತ್ತದೆ. ಈ ಹ್ಯಾಂಡಿಕ್ಯಾಮಿನ ಮೆನುವಿನಲ್ಲಿ ಎಕ್ಸ್‌ಪೋಷರ್ ಕೈಯಲ್ಲಿ ಹೊಂದಿಸುವ ದಾರಿ ಇದೆ. ಚಿಟ್ಟಿಯ ಮುಳ್ಳು ಬೇರೆ ಬೇರೆಯಾಗಿ ಕಾಣುವ ತನಕ ಇಳಿಸಿ, ಅಲ್ಲಿಗೇ ನಿಲ್ಲಿಸಿ. ಫೋಕಸನ್ನೂ ಹಾಗೆಯೇ ಕೈಯಲ್ಲಿ ಕಟ್ಟಿಡಿ. ಮಹಿಷಾಸುರ ಸಭೆಯ ನಡುವಿನಿಂದ ದೊಂದಿ ಹಿಡಿದು ಬರುವಾಗ ರಾಳದ ಹೊಗೆ, ಬೆಂಕಿ ನೋಡಿ ಆಟೋ ಫೋಕಸ್ ದಿಕ್ಕು ತಪ್ಪುತ್ತದೆ. ಆ ಎರಡು ನಿಮಿಷ ಮತ್ತೆ ಸಿಗುವುದಿಲ್ಲ.

ಇನ್ನು ದೊಡ್ಡ ಕೊರತೆ. ಇದು ಶಬ್ದದ್ದು. ಸಿಎಕ್ಸ್‌405ಗೆ ಹೊರಗಿನ ಮೈಕ್ ಚುಚ್ಚುವ ತೂತೇ ಇಲ್ಲ. ಹೆಡ್‌ಫೋನ್ ತೂತೂ ಇಲ್ಲ. ಮದುವೆಗೆ, ಹುಟ್ಟುಹಬ್ಬಕ್ಕೆ ಇದು ದೊಡ್ಡ ವಿಷಯವಲ್ಲ. ಆಟಕ್ಕೆ ಇದೇ ಮುಖ್ಯ. ಕ್ಯಾಮೆರಾದ ಒಳಗಿನ ಮೈಕ್ ಶಬ್ದವನ್ನು ತಾನೇ ಏರಿಸಿ ಇಳಿಸುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಒಟ್ಟು ಶಬ್ದವನ್ನು ತಗ್ಗಿಸುತ್ತದೆ. ಭಾಗವತರ ಪದ ಅದರಡಿ ಮುಳುಗುತ್ತದೆ. ಚೆಂಡೆ ನಿಂತ ಮೇಲೆ ಪುನಃ ಏರಿಸುತ್ತದೆ. ಆಗ ಕೇಳುವುದು ಜನರೇಟರಿನ ಗುಂಯ್ ಎನ್ನುವ ಸದ್ದು, ಹಿಂದಿನ ಸಾಲಿನವರ ಮಾತು, ಕಡಲೆ ಪೊಟ್ಟಣ ಬಿಚ್ಚುವ ಸದ್ದು. ಚಿತ್ರ ಸ್ವಲ್ಪ ಮಬ್ಬಾದರೂ ಜನ ಆಟ ನೋಡುತ್ತಾರೆ. ಪದ ಕೇಳದಿದ್ದರೆ ಹತ್ತು ನಿಮಿಷ ಕೂರುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅದಕ್ಕೆ ದಾರಿ ಉಂಟು. ಶಬ್ದವನ್ನು ಬೇರೆಯಾಗಿ ಹಿಡಿಯಿರಿ. ಟಾಸ್ಕಾಮ್ ಡಿಆರ್‌-05 ಜಾತಿಯ ಕೈಹಿಡಿ ರೆಕಾರ್ಡರ್ ಸಿಗುತ್ತದೆ, ಸಾಮಾನ್ಯ ಎರಡು ಎಎ ಸೆಲ್ಲಿನಲ್ಲಿ ಓಡುತ್ತದೆ. ನಡುವೆ ಸೆಲ್ ಬದಲಿಸಬೇಕಾದೀತು, ಜೇಬಿನಲ್ಲಿ ಇರಲಿ. ಮೈಕಿನವರ ಹತ್ತಿರ ಮೊದಲೇ ಮಾತಾಡಿ, ಅವರ ಮಿಕ್ಸರಿನ ಲೈನ್ ಔಟ್‌ನಿಂದ (ಶಬ್ದ ಹೊರಗೆ ಕೊಡುವ ತೂತಿನಿಂದ) ಒಂದು ವಯರು ಕೇಳಿ. ರೆಕಾರ್ಡರಿನಲ್ಲಿ ಮಟ್ಟವನ್ನು ಕೈಯಲ್ಲಿ ಹೊಂದಿಸಿ. ಚೆಂಡೆಯ ಜೋರು ಪೆಟ್ಟಿಗೂ ಮುಳ್ಳು ಕೆಂಪಿಗೆ ಹೋಗಬಾರದು. ಮೈಕಿನವರು ಒಪ್ಪದಿದ್ದರೆ ರೆಕಾರ್ಡರನ್ನೇ ಹಿಮ್ಮೇಳದ ಎದುರಿಗೆ, ಫ್ಯಾನ್ ಗಾಳಿ ಬಡಿಯದ ಕಡೆ ಕಟ್ಟಿ. ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ, ಶಬ್ದ ಎರಡನ್ನೂ ಕೂಡಿಸಬೇಕು. ಶುರುವಿನಲ್ಲಿ ಕ್ಯಾಮೆರಾ ಎದುರು ಒಂದು ಚಪ್ಪಾಳೆ ಹೊಡೆದಿಟ್ಟರೆ ಕೂಡಿಸಲು ಸುಲಭ. ಇಡೀ ರಾತ್ರಿಯ ರೆಕಾರ್ಡಿಂಗಿನಲ್ಲಿ ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಆಚೀಚೆ ಆಗಬಹುದು. ಪ್ರತಿ ಗಂಟೆಯ ತುಂಡನ್ನು ಬೇರೆ ಬೇರೆ ಹೊಂದಿಸಿ.

ಕಾರ್ಡ್ ಎಷ್ಟು ದೊಡ್ಡದು ಬೇಕು? ಲೆಕ್ಕ ಸುಲಭ. ಎವಿಸಿಎಚ್‌ಡಿ ಎಂಬ ವಿಡಿಯೊ ಬಗೆಯ ಅತಿ ಒಳ್ಳೆಯ ಗುಣಮಟ್ಟ ಸೆಕೆಂಡಿಗೆ 28 ಮೆಗಾಬಿಟ್. ಗಂಟೆಗೆ ಹನ್ನೆರಡೂವರೆ ಜಿಬಿ, ಎಂಟು ಗಂಟೆಗೆ ನೂರು ಜಿಬಿ. ಒಂದು 128 ಜಿಬಿ ಮೈಕ್ರೊಎಸ್‌ಡಿ ಸಾಕು. ಎಕ್ಸ್‌ಎವಿಸಿ ಎಸ್ ಎಂಬ 50 ಮೆಗಾಬಿಟ್ಟಿನ ಬಗೆಯೂ ಇದೆ. ಅದಕ್ಕೆ 180 ಜಿಬಿ ಬೇಕು. ಅಷ್ಟು ಚಿಕ್ಕ ಸೆನ್ಸರಿನ ರಾತ್ರಿಯ ಚಿತ್ರಕ್ಕೆ ನಾನಾದರೆ ಅದನ್ನು ಹಾಕುವುದಿಲ್ಲ. ಕಾರ್ಡ್ ಕ್ಲಾಸ್ 10 ಇದ್ದರೆ ಆಯಿತು. ನಕಲಿ ಕಾರ್ಡುಗಳ ಕಾಟ ಜಾಸ್ತಿ, ಆದ್ದರಿಂದ ಆಟದ ಮೊದಲೇ ಮನೆಯಲ್ಲಿ ಗೋಡೆ ತೋರಿಸಿ ಕಾರ್ಡು ತುಂಬುವ ತನಕ ರೆಕಾರ್ಡ್ ಮಾಡಿ, ಕೊನೆಯ ಭಾಗ ಸರಿ ಕಾಣುತ್ತದಾ ನೋಡಿ. ವಿಡಿಯೊ ಹಲವು ತುಂಡಾಗಿ ಕಾರ್ಡಿನಲ್ಲಿ ಕೂರುತ್ತದೆ, ಗಾಬರಿ ಬೇಡ. ಬೆಳಗ್ಗೆ ಮಲಗುವ ಮೊದಲು ಎರಡು ಕಡೆ ಪ್ರತಿ ಮಾಡಿಡಿ.

ಬ್ಯಾಟರಿಯ ಮೇಲೆ ಭರವಸೆ ಬೇಡ. ಈ ಮಾದರಿಯ ಬ್ಯಾಟರಿ ಸಣ್ಣದು, ಕ್ಯಾಮೆರಾದ ಒಳಗೆ ಕೂರುವಂಥದ್ದು. ದೊಡ್ಡದು ಹಾಕಲು ಬರುವುದಿಲ್ಲ. ಅಂಗಡಿಯಲ್ಲೇ ಚಾರ್ಜರ್ ಚುಚ್ಚಿ ರೆಕಾರ್ಡ್ ಒತ್ತಿಸಿ ನೋಡಿ. ಕೆಲವು ಕ್ಯಾಮೆರಾಗಳು ಕರೆಂಟಿನಲ್ಲೇ ಓಡುತ್ತವೆ, ಕೆಲವು ಚಾರ್ಜ್ ಮಾತ್ರ ಆಗುತ್ತವೆ. ಯುಎಸ್‌ಬಿ ವಯರು ಕೈಪಟ್ಟಿಯ ಒಳಗೇ ಅಡಗಿದೆ, ತೀರಾ ಗಿಡ್ಡ. ಒಂದು ಎಕ್ಸ್‌ಟೆನ್ಶನ್ ಬೇಕೇ ಬೇಕು. ಸ್ಟ್ಯಾಂಡಿಗೆ ಹಾಕಿದ ಮೇಲೂ ಬ್ಯಾಟರಿ, ಕಾರ್ಡು ತೆಗೆಯಲು ಬರುತ್ತದಾ ಎಂದೂ ಅಲ್ಲೇ ನೋಡಿಕೊಳ್ಳಿ. ಪರದೆಯ ಬೆಳಕನ್ನು ತಗ್ಗಿಸಿ. ಇಲ್ಲದಿದ್ದರೆ ಹಿಂದೆ ಕೂತವರ ಬೈಗುಳ ನಿಮ್ಮ ಆಟದ ಶಬ್ದದಲ್ಲೇ ದಾಖಲಾಗುತ್ತದೆ.

ಸೋದರಳಿಯನ ಕ್ಯಾಮೆರಾಗೆ ‘ಬೇಡ ಮಾರಾಯ’ ಎನ್ನಿ. ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮದು 50. ಅಲ್ಲಿನ ಹ್ಯಾಂಡಿಕ್ಯಾಮ್ ಸೆಕೆಂಡಿಗೆ 60ರ ಲೆಕ್ಕದಲ್ಲಿ ಚಿತ್ರ ತೆಗೆಯುತ್ತದೆ. ನಮ್ಮ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಎರಡೂ ತಾಳ ಹೊಂದುವುದಿಲ್ಲ. ಚಿತ್ರದಲ್ಲಿ ಬೆಳಕು ಪಟಪಟ ಬಡಿಯುತ್ತದೆ. ಮನೆಬಳಕೆಯ ಹೆಚ್ಚಿನ ಮಾದರಿಗಳಲ್ಲಿ ಇದನ್ನು ಬದಲಿಸಲು ಆಗುವುದಿಲ್ಲ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿ ಇರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ದುಬೈಯಲ್ಲಿ ನಮ್ಮ ಹಾಗೆ 50, ಸೌದಿಯಲ್ಲಿ 60. ಎಲ್ಲಿಂದ ತಂದರೂ ಡಬ್ಬಿಯ ಮೇಲೆ ಪಾಲ್ ಅಥವಾ 50ಪಿ (ಎರಡೂ 50ರ ಲೆಕ್ಕದವು) ಎಂದು ಇದೆಯಾ ನೋಡಿ, ವಾರಂಟಿ ಇಲ್ಲಿ ನಡೆಯುತ್ತದಾ ಕೇಳಿ ತರಿಸಿ.

ಸರಿ, ಕೊಳ್ಳುವುದು ಯಾವುದು? ಸೋನಿಯದೇ ಎಫ್‌ಡಿಆರ್‌-ಎಎಕ್ಸ್‌43 ಎಂಬುದು ಇದೆ. 1/2.5 ಇಂಚಿನ ಸೆನ್ಸರ್, 20 ಪಟ್ಟು ಝೂಮ್, 4ಕೆ, ಮೈಕ್ ತೂತು. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ನಲವತ್ತು ಸಾವಿರದ ಒಳಗೆ ಬರುವುದಿಲ್ಲ. ಸಾಲ ಮಾಡಿ ಅದನ್ನು ತನ್ನಿ ಎನ್ನಲು ನನಗೆ ಮನಸ್ಸಿಲ್ಲ. ಸಿಎಕ್ಸ್‌405 ಬಿಲ್ಲು, ವಾರಂಟಿ ಸಮೇತ ಸಿಕ್ಕರೆ ತೆಗೆದುಕೊಳ್ಳಿ. ಉಳಿದ ದುಡ್ಡನ್ನು ಮೊದಲು ರೆಕಾರ್ಡರಿಗೆ, ಆಮೇಲೆ ಜರ್ಕ್ ಇಲ್ಲದೆ ತಿರುಗುವ ತಲೆಯ ಗಟ್ಟಿ ಸ್ಟ್ಯಾಂಡಿಗೆ ಹಾಕಿ. ಮೈಕ್ ತೂತಿರುವ ಸೆಕೆಂಡ್ ಹ್ಯಾಂಡ್ ಒಂದು ಕಣ್ಣಿಗೆ ಬಿದ್ದರೆ ಅದು ಇನ್ನೂ ಒಳ್ಳೆಯದು. ನೋಡುವಾಗ ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಮುಟ್ಟಬೇಡಿ. ರೆಕಾರ್ಡ್ ಓಡುತ್ತಿರುವಾಗ ಪರದೆಯನ್ನು ನಾಲ್ಕು ಸಲ ಮಡಚಿ ಬಿಡಿಸಿ. ಚಿತ್ರ ಹೋಗಿ ಬಂದು ಮಾಡಿದರೆ ಒಳಗಿನ ರಿಬ್ಬನ್ ಸವೆದಿದೆ.

ಪತ್ತನಾಜೆ (ಮೇ ಕೊನೆಗೆ ಆಟದ ಋತು ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕ್ಯಾಮೆರಾವನ್ನು ಕಪಾಟಿನೊಳಗೆ ಬಟ್ಟೆ ಸುತ್ತಿ ಇಡಬೇಡಿ. ನಮ್ಮ ಮಳೆಗಾಲದ ಥಂಡಿಗೆ ಎರಡೇ ತಿಂಗಳು ಸಾಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕೂಟಕ್ಕೆಂದು ಆಗಾಗ ಹೊರಗೆ ತೆಗೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಆನ್‌ಲೈನಿನಲ್ಲಿ ‘4ಕೆ, 48 ಮೆಗಾಪಿಕ್ಸೆಲ್, 16 ಎಕ್ಸ್ ಝೂಮ್’ ಕ್ಯಾಮ್‌ಕಾರ್ಡರ್ ಎಂಟು ಸಾವಿರಕ್ಕೆ ಇದೆ. ಮೈಕ್ ಕೂಡ ಕೊಡುತ್ತಾರೆ. ತೆಗೆದುಕೊಳ್ಳಬಹುದಾ?
– ಒಬ್ಬ ಓದುಗರು, ಹೊಸಂಗಡಿ

ಉತ್ತರ: ಬೇಡ. ಆ 16 ಎಕ್ಸ್ ಎಂಬುದು ಡಿಜಿಟಲ್ ಝೂಮ್. ಲೆನ್ಸ್ ಅಲ್ಲಾಡುವುದೇ ಇಲ್ಲ, ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತಾರೆ ಅಷ್ಟೇ. ಆ ಕೆಲಸ ನಿಮ್ಮ ಫೋನೂ ಮಾಡುತ್ತದೆ. ವಿವರಣೆಯಲ್ಲಿ ‘ಆಪ್ಟಿಕಲ್ ಝೂಮ್’ ಎಂಬ ಪದ ಹುಡುಕಿ. ಇಲ್ಲದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಪ್ರಶ್ನೆ: 2003ರ ನಮ್ಮ ಮದುವೆಯ ಮಿನಿ ಡಿವಿ ಟೇಪುಗಳಿವೆ. ಹಾಕಿ ನೋಡಲು ಕ್ಯಾಮೆರಾ ಇಲ್ಲ. ಯಾರಿಗಾದರೂ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಬಹುದಾ?
– ಒಬ್ಬ ಓದುಗಿ, ಉಪ್ಪಳ

ಉತ್ತರ: ಹಾಕಿಸಬಹುದು, ಆದರೆ ಈ ಮಳೆಗಾಲಕ್ಕೆ ಮೊದಲೇ ಮಾಡಿಸಿ ಅಕ್ಕಾ. ಟೇಪಿಗೂ ಬೂಸ್ಟು ಹಿಡಿಯುತ್ತದೆ. ಓಡುವ ಸ್ಥಿತಿಯ ಮಿನಿ ಡಿವಿ ಕ್ಯಾಮೆರಾಗಳು ವರ್ಷ ವರ್ಷವೂ ಕಡಿಮೆಯಾಗುತ್ತಿವೆ. ಸ್ಟುಡಿಯೋದವರಿಗೆ ಒಂದೇ ಪ್ರಶ್ನೆ ಕೇಳಿ: ಫೈರ್‌ವಯರ್ ಎಂಬ ಡಿಜಿಟಲ್ ಕೇಬಲಿನಲ್ಲಿ ತೆಗೆಯುತ್ತೀರಾ? ಹೌದು ಎಂದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೆಯೇ ಬರುತ್ತದೆ, ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ. ಹಳದಿ, ಬಿಳಿ, ಕೆಂಪು ಪಿನ್ನಿನ ವಯರಿನಲ್ಲಿ ತೆಗೆದರೆ ಗುಣಮಟ್ಟ ಇಳಿಯುತ್ತದೆ. ಆ 13 ಜಿಬಿಯ ಮೂಲ ಫೈಲನ್ನೇ ಹಾರ್ಡ್ ಡಿಸ್ಕಿನಲ್ಲಿ ಕೇಳಿ ತೆಗೆದುಕೊಳ್ಳಿ. ಟಿವಿಯಲ್ಲಿ ನೋಡಲು ಬೇಕಾದರೆ ಅದರಿಂದ ಒಂದು ಸಣ್ಣ ಪ್ರತಿ ಪೆನ್‌ಡ್ರೈವಿಗೆ ಮಾಡಿಕೊಡುತ್ತಾರೆ. ಟೇಪುಗಳನ್ನು ಮಾತ್ರ ಅವರಲ್ಲೇ ಬಿಟ್ಟು ಬರಬೇಡಿ.