‘ಆ ಮಾತು ಬೇಡ ಮಗಾ’: ನಿವೃತ್ತ ಎಂಜಿನಿಯರರೊಬ್ಬರ ಮನೆಯ ಪ್ರಕರಣ

ಕಾಸರಗೋಡಿನ ತೋಟದ ಮನೆಗಳಲ್ಲಿ ಈ ಬಗೆಯ ದುಃಖ ಮತ್ತೆ ಮತ್ತೆ ಕಾಣಸಿಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ತೀರಿಕೊಂಡವರು ಜಲವಿದ್ಯುತ್ ಎಂಜಿನಿಯರು. ಇಡುಕ್ಕಿಯ ನೀರಿನಿಂದ ನಡೆಯುವ ಮೂಲಮಟ್ಟಂನ ಭೂಗತ ವಿದ್ಯುದಾಗಾರದಲ್ಲಿ, ತಲಾ 130 ಮೆಗಾವಾಟಿನ ಆರು ಯಂತ್ರಗಳ ನಡುವೆ ವರ್ಷಗಟ್ಟಲೆ ದುಡಿದು, ನಿವೃತ್ತಿಯ ನಂತರ ಅಡಿಕೆ ತೋಟಕ್ಕೆ ಮರಳಿದ್ದರು. ಅವರು ತೀರಿಕೊಂಡ ಹನ್ನೊಂದು ತಿಂಗಳ ಬಳಿಕ ಮಗ ತಾಯಿಯನ್ನು ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದರು. ಎಪ್ಪತ್ತರ ತಾಯಿಗೆ ಊಟ ಸೇರುವುದಿಲ್ಲ, ಪಂಪ್‌ಶೆಡ್ಡಿನ ಕಡೆಗೆ ಕಾಲಿಡುವುದಿಲ್ಲ, ಬೇಸಗೆಗೆ ತೋಟ ಬಾಡುತ್ತಿದೆ. ಮಗನಿಗೆ ಬೇರೆ ಚಿಂತೆ: ವರ್ಷಾಂತಿಕದ ದಿನ ಓದಬೇಕಾದ ನುಡಿನಮನ ಮುಗಿಯುತ್ತಿಲ್ಲ.

ಎರಡನೆಯ ಭೇಟಿಯಲ್ಲಿ, ಬರೆದಷ್ಟನ್ನು ಓದಿ ಎಂದೆ. ‘ಕುಟುಂಬವತ್ಸಲ, ಸರಳ ಸಜ್ಜನ, ಮಿತಭಾಷಿ’ ಎಂದು ಶುರುವಾಯಿತು. ಯಾರ ಉತ್ತರಕ್ರಿಯೆಯಲ್ಲಾದರೂ ಓದಬಹುದಾದ ಮಾತುಗಳು. ‘ಅಬ್ಬೆಗೆ (ಅಮ್ಮನಿಗೆ) ಒಂದು ದಿನವೂ ಕಷ್ಟ ಗೊತ್ತಾಗಲು ಬಿಟ್ಟವರಲ್ಲ’ ಎಂಬಲ್ಲಿಗೆ ಬಂದಾಗ, ಅಷ್ಟರವರೆಗೂ ಸೆರಗಿನ ತುದಿ ಸುತ್ತುತ್ತಿದ್ದ ತಾಯಿ ತಲೆಯೆತ್ತಿದರು.

“ಆ ಮಾತು ಬೇಡ ಮಗಾ. ಎನಗೆ ಬಂಙ ಗೊಂತಪ್ಪಲೆ ಬಿಟ್ಟಿದವಿಲ್ಲೆ. ಅದುವೇ ಈಗ ಬಂಙ.”

ನನಗೆ ಕಷ್ಟ ಗೊತ್ತಾಗಲು ಬಿಡಲಿಲ್ಲ, ಈಗಿನ ಕಷ್ಟವೇ ಅದು ಎಂದು. ಆಮೇಲೆ ಒಂದೊಂದೇ ಹೊರಬಂತು. ಪಂಪಿಗೆ ಬರುವ ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದು ಇಲ್ಲದಾಗ ಕೆಲಸದಾಳು ಸ್ಟಾರ್ಟರ್ ಒತ್ತಿ ಹಿಡಿದು ಮೋಟಾರಿನ ವೈಂಡಿಂಗ್ ಸುಟ್ಟದ್ದು. ಅಂದಿನಿಂದ ಶೆಡ್ಡೆಂದರೆ ಹೆದರಿಕೆ. ಬ್ಯಾಂಕಿಗೆ ಒಬ್ಬರೇ ಹೋದವರಲ್ಲ. ಕಚೇರಿಯ ಅರ್ಜಿಗಳು ಮಲೆಯಾಳದಲ್ಲಿ, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಎಲ್ಲ ಗಂಡನೇ ನೋಡಿಕೊಳ್ಳುತ್ತಿದ್ದರು, ಎಲ್ಲ.

ಮಗ ನೊಂದುಕೊಂಡರು. ಹೋದವರ ಮೇಲೆ ದೂರು ಹೇಳಿಸುವುದು ಆಪ್ತಸಲಹೆಯೇ ಎಂದು ಹತ್ತಿರದ ಸಂಬಂಧಿಕರೊಬ್ಬರು ಫೋನಿನಲ್ಲೂ ಕೇಳಿದರು. ದೂರನ್ನು ನಾನು ಹೇಳಿಸಲಿಲ್ಲ, ತಡೆಯಲಿಲ್ಲ ಅಷ್ಟೆ. ಐವತ್ತು ವರ್ಷ ಪ್ರೀತಿಯಿಂದ ನೋಡಿಕೊಂಡವರ ಮೇಲೆ ಸಿಟ್ಟು ಬಂದರೆ ಹೆಂಡತಿ ಅದನ್ನು ಪಾಪವೆಂದು ನುಂಗುತ್ತಾರೆ. ನುಂಗಿದ್ದು ಊಟ ಬೇಡವೆನಿಸುತ್ತದೆ, ನಿದ್ದೆ ಕೆಡಿಸುತ್ತದೆ. ಪ್ರೀತಿ ಇದ್ದುದಕ್ಕೇ ಆ ಸಿಟ್ಟು. ಹೊಗಳಿಕೆಯಷ್ಟನ್ನೇ ಇಟ್ಟುಕೊಂಡರೆ ನೆನಪಿನಲ್ಲಿ ಮನುಷ್ಯ ಉಳಿಯುವುದಿಲ್ಲ.

ಸಲಹೆ ಎರಡು ಕಡೆ ಹೋಯಿತು. ಮಗನಿಗೆ: ಗುಣವಾಚಕಗಳನ್ನೆಲ್ಲ ಹೊಡೆದುಹಾಕಿ, ಅಪ್ಪನ ಕೈ ಏನು ಮಾಡುತ್ತಿತ್ತು ಎಂದು ಬರೆಯಿರಿ. ಒಂದೇ ಪುಟ, ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಗೊತ್ತಿಲ್ಲದ್ದನ್ನು ಅಬ್ಬೆಯಲ್ಲಿ ಕೇಳಿ. ಕೇಳಿದಾಗ ತಾಯಿ ಹೇಳಿದ್ದು ಮಗನಿಗೆ ಹೊಸತು. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ಅಪ್ಪ ಜಗಲಿಯಲ್ಲಿ ನಿಂತು ಮಿಂಚಿಗೂ ಗುಡುಗಿಗೂ ನಡುವೆ ಎಣಿಸುತ್ತಿದ್ದರಂತೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಯಾರನ್ನೂ ಅಂಗಳಕ್ಕೆ ಬಿಡುತ್ತಿರಲಿಲ್ಲ. ಪಂಪಿನ ಮೈನ್ ಸ್ವಿಚ್ಚನ್ನಂತೂ ಮೋಡ ಕಟ್ಟುವಾಗಲೇ ಇಳಿಸಿ ಬಂದಿರುತ್ತಿದ್ದರು.

ತಾಯಿಗೆ: ಪಂಪು ಹಾಕಲು ಕಲಿಯಿರಿ. ಎಪ್ಪತ್ತರಲ್ಲಿ ಇದು ಬೇಕೇ ಎಂದು ಮನೆಯವರು ಕೇಳಿದರು. ಬೇಕು. ದುಃಖ ಬಂದು ಕಟ್ಟಿಕೊಂಡಿದ್ದು ಆ ಶೆಡ್ಡಿನಲ್ಲೇ, ಬಿಚ್ಚಬೇಕಾದದ್ದೂ ಅಲ್ಲೇ. ಮೊದಲು ಎಲೆಕ್ಟ್ರಿಷಿಯನ್ನಿಂದ ಅರ್ತಿಂಗ್ ನೋಡಿಸಿ, ಫೇಸ್ ತಪ್ಪಿದರೆ ತಾನಾಗಿ ನಿಲ್ಲಿಸುವ ಪ್ರಿವೆಂಟರ್ ಹಾಕಿಸಿದರು. ಆಮೇಲೆ ಕ್ರಮ: ಕಾಲು ಒಣಗಿರಬೇಕು, ಚಪ್ಪಲಿ ಇರಬೇಕು. ಮೂರು ಫೇಸಿನ ಮೂರೂ ದೀಪ ಉರಿಯುತ್ತಿವೆಯೇ ನೋಡುವುದು. ಒಂದು ಆರಿದ್ದರೂ ಮುಟ್ಟದೆ ವಾಪಸು. ಪಂಪಿನ ಮೇಲಿನ ಮುಚ್ಚಳ ತೆಗೆದು ಗುಳ್ಳೆ ನಿಲ್ಲುವವರೆಗೆ ನೀರು ತುಂಬುವುದು. ತುಂಬಿದಷ್ಟೂ ಇಳಿಯುತ್ತಿದ್ದರೆ ಕೆರೆಯೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆ ಎಂದರ್ಥ. ಸ್ಟಾರ್ಟ್ ಮಾಡಿ ಒಂದು ನಿಮಿಷದಲ್ಲಿ ನೀರು ಬಾರದಿದ್ದರೆ ನಿಲ್ಲಿಸಲೇಬೇಕು, ನೀರಿಲ್ಲದೆ ಓಡಿದರೆ ತಿರುಗುವ ಶಾಫ್ಟಿನ ಸುತ್ತ ಗ್ಲ್ಯಾಂಡಿನಲ್ಲಿ ತುರುಕಿರುವ ಪ್ಯಾಕಿಂಗ್ ಸುಡುತ್ತದೆ. ಮೊದಲ ವಾರ ಕೆಲಸದಾಳು ಪಕ್ಕದಲ್ಲಿ ನಿಲ್ಲಲಿ, ಕೈ ಹಾಕಬಾರದು. ಎರಡನೆಯ ವಾರ ಅಂಗಳದಲ್ಲಿ ನಿಂತರೆ ಸಾಕು. ಗಂಡನ ಪಂಪಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮೊಮ್ಮಗಳು ಓದಿ ಹೇಳಲಿ, ಅಜ್ಜಿ ತನ್ನದೇ ಅಕ್ಷರದಲ್ಲಿ ಕನ್ನಡಕ್ಕೆ ಇಳಿಸಲಿ ಎಂದೆ.

ಬ್ಯಾಂಕು, ಕುಟುಂಬ ಪಿಂಚಣಿ, ವರ್ಷಕ್ಕೊಮ್ಮೆಯ ಜೀವನ ಪ್ರಮಾಣಪತ್ರ, ಇವಕ್ಕೂ ಮಗ ಜೊತೆಗಿದ್ದು ತಾಯಿಯೇ ಮಾತಾಡಬೇಕು. ಸಂವಿಧಾನದ 350ನೇ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲಿ ಬರೆದುಕೊಡಲು ಸಂಕೋಚ ಬೇಡ.

ಇದು ಕಾಯಿಲೆಯಲ್ಲವೇ, ಮಾತ್ರೆ ಬೇಡವೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ದೀರ್ಘಕಾಲದ ಶೋಕ ಎಂಬ ಕಾಯಿಲೆ ಇದೆ. ಕನಿಷ್ಠ ಆರು ತಿಂಗಳು ಮೀರಿರಬೇಕು, ಆ ಸಮಾಜದ ರೂಢಿಗಿಂತ ಹೆಚ್ಚಾಗಿರಬೇಕು, ದಿನದ ಬದುಕು ಕುಸಿದಿರಬೇಕು. ಮಾಸಿಕ ಮುಗಿದು ವರ್ಷಾಂತಿಕ ಆಗುವವರೆಗೂ ನಮ್ಮಲ್ಲಿ ಶೋಕಕ್ಕೆ ಜಾಗವಿದೆ, ಹಾಗಾಗಿ ತಿಂಗಳು ಎಣಿಸಿ ಹಣೆಪಟ್ಟಿ ಹಚ್ಚಲು ನಾನು ಅವಸರ ಮಾಡುವುದಿಲ್ಲ. ಆದರೆ ತೂಕ ಇಳಿಯುತ್ತ ಹೋದರೆ, ‘ನಾನೂ ಹೋಗಬೇಕು’ ಎಂಬ ಮಾತು ಬಂದರೆ ಒಂದು ದಿನವೂ ಕಾಯಬಾರದು. ಮನೋವೈದ್ಯರಲ್ಲಿಗೆ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ದಿನವಿಡೀ ಉಚಿತ. ಈ ತಾಯಿಯ ತೂಕವನ್ನು ಪ್ರತಿ ಭೇಟಿಯಲ್ಲೂ ನೋಡಿದೆವು, ಆ ಮಾತಿದೆಯೇ ಎಂದು ನೇರವಾಗಿ ಕೇಳಿದೆವು. ಇರಲಿಲ್ಲ.

ವರ್ಷಾಂತಿಕದ ದಿನ ಓದಿದ ಪುಟದಲ್ಲಿ ಗುಡುಗಿನ ಎಣಿಕೆ ಇತ್ತು. ‘ಕಷ್ಟ ಗೊತ್ತಾಗಲು ಬಿಟ್ಟವರಲ್ಲ’ ಎಂಬಲ್ಲಿ ‘ಅಪ್ಪ ಎಲ್ಲವನ್ನೂ ತಾವೇ ಮಾಡಿದರು, ನಮಗೆ ಕಲಿಸಿ ಹೋಗಬೇಕಿತ್ತು’ ಎಂದಿತ್ತು. ಬಡಿಸುವ ಮೊದಲು ತಾಯಿಯೇ ಅದನ್ನು ಇನ್ನೊಮ್ಮೆ ಓದಿಸಿದರಂತೆ.

ಎರಡು ವಾರದ ಬಳಿಕ ತಾಯಿಯ ಫೋನು ಬಂತು. ಪಂಪಿನ ಗ್ಲ್ಯಾಂಡು ತೊಟ್ಟಿಕ್ಕುತ್ತಿದೆ ಎಂದು ಕೆಲಸದಾಳು ಸ್ಪ್ಯಾನರ್ ಹಿಡಿದು ಹೊರಟಿದ್ದನಂತೆ. ಇವರು ತಡೆದರು. ತೊಟ್ಟಿಕ್ಕಬೇಕು, ಪೂರ್ತಿ ಬಿಗಿದರೆ ಶಾಫ್ಟ್ ಸವೆಯುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ಯಾವ ಪುಸ್ತಕ ಎಂದು ಕೇಳಿದೆ. “ಎನ್ನದು” ಎಂದರು.